ಮೋಗ್ಲಿಂಗ್ ಪಾದ್ರಿ: ಮಂಗಳೂರಲ್ಲಿ ಪೇಪರ್, ಕೊಡಗಲ್ಲಿ ಆನಂದಪುರ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಬಸ್ಸಿಗೆ ಕಾಯುವವರು ಚಿಲ್ಲರೆ ಕೊಟ್ಟು ಒಂದು ಪೇಪರ್ ಕೊಳ್ಳುತ್ತಾರೆ. ಹರಿಹರಪುರ ಬರುವಷ್ಟರಲ್ಲಿ ಓದಿ ಮುಗಿಯುತ್ತದೆ. ಮಾರನೇ ದಿನ ಅದೇ ಹಾಳೆಯಲ್ಲಿ ಕಡ್ಲೆಬೀಜದ ಪೊಟ್ಟಣ. ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ಕನ್ನಡದಲ್ಲಿ ಹೀಗೆ ಕಾಸು ಕೊಟ್ಟು ಸುದ್ದಿ ಕೊಳ್ಳುವ ರೂಢಿ ಹಾಕಿಕೊಟ್ಟವರು ಈ ನಾಡಿನವರಲ್ಲ, ಸಮುದ್ರ ದಾಟಿ ಬಂದ ಒಬ್ಬ ಪಾದ್ರಿ. ಹೆಸರು ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್. 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ. ಆ ಕಾರಣಕ್ಕೇ ನಮ್ಮ ರಾಜ್ಯದಲ್ಲಿ ಜುಲೈ 1 ಪತ್ರಿಕಾ ದಿನ. ತಾಲ್ಲೂಕು ತಾಲ್ಲೂಕಿಗೂ ಸಭೆ, ಹಾರ, ಶಾಲು, ಭಾಷಣ.

ಭಾಷಣದಲ್ಲಿ ಮೋಗ್ಲಿಂಗ್ ಹೆಸರು ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಈ ಮನುಷ್ಯ ಭಾರತದಲ್ಲಿ ಕಳೆದ ಕೊನೆಯ ವರ್ಷಗಳು ಕಾಫಿ ಗುಡ್ಡದಲ್ಲಿ, ಜೀತದಾಳುಗಳ ನಡುವೆ ಹೋದವು ಅನ್ನುವುದು ಸಭೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ತೋಟದ ಸೀಮೆಯವರಿಗೆ ಪೇಪರಿಗಿಂತ ಆ ಕಥೆಯೇ ಹತ್ತಿರದ್ದು.

ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ವುರ್ಟೆಂಬರ್ಗ್ ರಾಜ್ಯದ ಬ್ರಾಕನ್‌ಹೈಮ್ ಎಂಬಲ್ಲಿ. ಜರ್ಮನಿ ಅಂತ ಒಂದೇ ದೇಶ ಆಗ ಇನ್ನೂ ಆಗಿರಲಿಲ್ಲ. ಓದಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರ. ಅಲ್ಲಿ ಸಿಕ್ಕ ಗೆಳೆಯ ಹರ್ಮನ್ ಗುಂಡರ್ಟ್. ಈತ ಮುಂದೆ ತಲಶ್ಶೇರಿಗೆ ಬಂದು ಮಲೆಯಾಳಂ ಕಲಿತು, 1847ರಲ್ಲಿ ಮಲೆಯಾಳಂನ ಮೊದಲ ಪತ್ರಿಕೆ ಹೊರಡಿಸಿ, ದೊಡ್ಡ ನಿಘಂಟನ್ನೂ ಬರೆದವರು. ಒಂದೇ ಕಾಲೇಜಿನ ಇಬ್ಬರು ಹುಡುಗರು ಘಟ್ಟದ ಕೆಳಗಿನ ಎರಡು ಭಾಷೆಗಳಿಗೆ ಮೊದಲ ಪೇಪರ್ ಕೊಟ್ಟರು ಅಂದರೆ ಕಾಕತಾಳೀಯವೇ ಸೈ.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನ್ ಸಂಸ್ಥೆಯ ಪಾದ್ರಿಗಳು ಮಂಗಳೂರಿಗೆ ಮೊದಲು ಬಂದಿಳಿದದ್ದು 1834ರಲ್ಲಿ. ಎರಡು ವರ್ಷ ಬಿಟ್ಟು, 1836ರಲ್ಲಿ ಮೋಗ್ಲಿಂಗ್ ಬಂದರು. ವಯಸ್ಸು 25. ಧಾರವಾಡ, ಹುಬ್ಬಳ್ಳಿ ಕಡೆ ಓಡಾಡಿ ಕನ್ನಡ ಕಲಿತರು. ಕಲಿತದ್ದು ದೊರೆಗಳ ಹಾಗೆ ಕುರ್ಚಿಯಲ್ಲಿ ಕುಳಿತು ಮುನ್ಷಿಯಿಂದ ಪಾಠ ಹೇಳಿಸಿಕೊಂಡು ಮಾತ್ರ ಅಲ್ಲ. ಮಂಗಳೂರಲ್ಲಿ ಹುಡುಗರಿಗೆ ವಸತಿ ಶಾಲೆ ನಡೆಸುವಾಗ ಅವರೊಂದಿಗೇ ಇದ್ದು, ಅವರು ಉಣ್ಣುವುದನ್ನೇ ಉಂಡು ದಿನ ಕಳೆದರು. ಶೃಂಗೇರಿಯಿಂದ ಕೆರೆಕಟ್ಟೆ, ಬಜಗೋಳಿ, ಕಾರ್ಕಳದ ಮೇಲೆ ಮಂಗಳೂರಿಗೆ ಆಸ್ಪತ್ರೆ, ಕಾಲೇಜು ಅಂತ ಹೋಗುವ ಮಂದಿಗೆ ಬಲ್ಮಠ ಗೊತ್ತಿರುತ್ತದೆ. ಮಿಷನ್ನಿನ ವಿದ್ಯಾಲಯ, ಛಾಪಖಾನೆ ಎಲ್ಲ ಬೆಳೆದದ್ದು ಆ ಗುಡ್ಡದ ಮೇಲೆ.

ಕಲ್ಲಿನಿಂದ ಎದ್ದ ಪೇಪರ್

1841ರಲ್ಲಿ ಮಂಗಳೂರಿಗೆ ಕಲ್ಲಚ್ಚಿನ ಯಂತ್ರ ಬಂತು. ಈಗಿನವರಿಗೆ ಇದು ಏನು ಅಂತ ಹೇಳಲೇಬೇಕು. ಮೊಳೆ ಜೋಡಿಸುವ ಕೆಲಸ ಇಲ್ಲ. ಜಿಡ್ಡಿನ ಶಾಯಿಯಲ್ಲಿ ಕೈಯಿಂದಲೇ ಅಕ್ಷರ ಬರೆದು, ಅದನ್ನು ನಯವಾದ ಸುಣ್ಣಕಲ್ಲಿನ ಮೇಲೆ ಮೂಡಿಸುವುದು. ಕಲ್ಲಿಗೆ ನೀರು ಹಚ್ಚಿದರೆ ಬರೆಯದ ಜಾಗ ನೀರು ಹಿಡಿಯುತ್ತದೆ, ಬರೆದ ಜಾಗ ನೀರು ಬಿಟ್ಟು ಶಾಯಿ ಹಿಡಿಯುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಒಂದು ಪ್ರತಿ. ಮತ್ತೆ ನೀರು, ಮತ್ತೆ ಶಾಯಿ, ಮತ್ತೆ ಕಾಗದ. ‘ಮಂಗಳೂರ ಸಮಾಚಾರ’ ಹುಟ್ಟಿದ್ದು ಹೀಗೆ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು.

ಒಳಗೆ ಏನಿತ್ತು ಅಂದರೆ ಇವತ್ತಿನ ಸಂಜೆ ಪೇಪರಿನಲ್ಲಿ ಇರುವುದೇ. ಊರ ಸುದ್ದಿ, ಪರವೂರ ಸುದ್ದಿ, ಸರ್ಕಾರದ ಹೊಸ ಕಾನೂನು, ಆಶ್ಚರ್ಯದ ವರ್ತಮಾನ, ಕಥೆ, ಗಾದೆ, ದಾಸರ ಪದ. ಕ್ರೈಸ್ತ ಬೋಧನೆಯೂ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕಚೇರಿಯ ಕಾನೂನು ಕಚೇರಿಯ ಗುಮಾಸ್ತನ ಬಾಯಿಂದಷ್ಟೇ ಕೇಳಬೇಕಾಗಿದ್ದ ಕಾಲದಲ್ಲಿ, ಅದೇ ಕಾನೂನು ಒಂದು ದುಡ್ಡಿಗೆ ಅಂಗಡಿ ಜಗಲಿಗೆ ಬಂತಲ್ಲ, ಅದು ಸಣ್ಣ ಸಂಗತಿಯಲ್ಲ. ಓದು ಬಲ್ಲವ ಒಬ್ಬ ಇದ್ದರೆ ಸಾಕು, ಸುತ್ತ ಕೂತ ಹತ್ತು ಮಂದಿಗೆ ವಿಷಯ ತಿಳಿಯಿತು.

ಮಂಗಳೂರಲ್ಲಿ ಪತ್ರಿಕೆ ನಡೆದದ್ದು ಎಂಟೇ ತಿಂಗಳು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ ಅಂತ ಹೆಸರು ಬದಲಾಯಿಸಿಕೊಂಡು ಮೊಳೆ ಅಚ್ಚಿನಲ್ಲಿ ಬರತೊಡಗಿತು. ಆಗ ಕನ್ನಡದವರು ಒಂದೇ ಆಡಳಿತದಲ್ಲಿ ಇರಲಿಲ್ಲ. ಮಂಗಳೂರು, ಬಳ್ಳಾರಿ ಮದರಾಸಿಗೆ, ಧಾರವಾಡ ಮುಂಬಯಿಗೆ, ಶೃಂಗೇರಿ, ಕೊಪ್ಪ, ಯೆಡೆಹಳ್ಳಿ (ಅಂದರೆ ಈಗಿನ ನರಸಿಂಹರಾಜಪುರ) ಮೈಸೂರಿನ ನಗರ ವಿಭಾಗಕ್ಕೆ. ಹಾಗಿದ್ದೂ ಒಂದೇ ಕಾಗದ ಎಲ್ಲ ಕನ್ನಡದವರಿಗೂ ಬೇಕು ಅಂತ ಹೊರಟ ಪಾದ್ರಿಗೆ ನಕ್ಷೆಗಿಂತ ಭಾಷೆಯೇ ದೊಡ್ಡದಾಗಿ ಕಂಡಿರಬೇಕು.

ಅದೇ 1844ರ ಜನವರಿಯಲ್ಲಿ ಮಂಗಳೂರು ಪೇಟೆ ಕೊತಕೊತ ಕುದಿಯಿತು. ಸಾರಸ್ವತ ಬ್ರಾಹ್ಮಣ ಮನೆತನದ ಮೂವರು ಯುವಕರು ಕ್ರೈಸ್ತರಾದರು. ಅವರಲ್ಲಿ ಒಬ್ಬ ಆನಂದರಾವ್ ಕೌಂಡಿನ್ಯ. ಮನೆಯವರ ದುಃಖ, ಪೇಟೆಯವರ ಸಿಟ್ಟು ಎರಡೂ ಸುಳ್ಳಲ್ಲ. ಮೋಗ್ಲಿಂಗರನ್ನು ಹೊಗಳುವವರು ಈ ಭಾಗ ಹಾರಿಸಿಬಿಡುತ್ತಾರೆ, ತೆಗಳುವವರು ಇದೊಂದನ್ನೇ ಹಿಡಿದು ಕೂರುತ್ತಾರೆ. ಮತಕ್ಕೆ ಸೇರಿಸುವುದಕ್ಕೇ ಬಂದ ಪಾದ್ರಿ ಅವರು, ಅದನ್ನು ಅವರೇನೂ ಮುಚ್ಚಿಟ್ಟಿರಲಿಲ್ಲ. ಕೌಂಡಿನ್ಯರನ್ನು 1846ರಲ್ಲಿ ತಮ್ಮ ಜೊತೆ ಯೂರೋಪಿಗೆ ಕರೆದೊಯ್ದು ಬಾಸೆಲ್‌ನಲ್ಲಿ ಓದಿಸಿದರು. 1851ರಲ್ಲಿ ಆನಂದರಾವ್ ಪಾದ್ರಿಯಾಗಿ ಊರಿಗೆ ಮರಳಿದರು. ಬಿಳಿಯರ ಸರಿಸಮಾನವಾಗಿ ಮಿಷನ್ನಿನ ಪಾದ್ರಿ ಪಟ್ಟದಲ್ಲಿ ಕೂತ ಆ ಮನುಷ್ಯನ ಹೆಸರು ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಪಾದ್ರಿ ಅಚ್ಚು ಹಾಕಿಸಿದ ಪುರಾಣ

ಮೋಗ್ಲಿಂಗ್ ಪಂಡಿತರೆಂದು ಹೆಸರಾದದ್ದು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯಿಂದ. 1848ರಿಂದ 1853ರವರೆಗೆ ಮಂಗಳೂರಿನ ಕಲ್ಲಚ್ಚಿನಲ್ಲೇ ಬಂತು. ಅಲ್ಲಿಯವರೆಗೆ ತಾಳೆಗರಿಯಲ್ಲಿ, ಕಡತದಲ್ಲಿ, ಮಠದ ಪೆಟ್ಟಿಗೆಯಲ್ಲಿ, ಯಾರದೋ ಮನೆಯ ಅಟ್ಟದಲ್ಲಿ ಇದ್ದ ಕನ್ನಡ ಕಾವ್ಯಗಳನ್ನು ಹುಡುಕಿ, ಪ್ರತಿಗೆ ಪ್ರತಿ ತಾಳೆ ನೋಡಿ ಅಚ್ಚಿಗೆ ಕೊಟ್ಟರು. ಬಸವ ಪುರಾಣ, ಚೆನ್ನಬಸವ ಪುರಾಣ, ಕನಕದಾಸರ ಹರಿಭಕ್ತಿಸಾರ. ಯಕ್ಷಗಾನದ ರಾವಣ ದಿಗ್ವಿಜಯ ಕೂಡ! ಪ್ರಸಂಗದ ಪುಸ್ತಕವನ್ನು ಕಾವ್ಯದ ಸಾಲಿನಲ್ಲಿ ಕೂರಿಸಲು ಆಗಿನ ಪಂಡಿತರು ಒಪ್ಪುತ್ತಿದ್ದರೋ ಇಲ್ಲವೋ, ಪಾದ್ರಿ ಕೂರಿಸಿದರು. 1850ರಲ್ಲಿ ದಾಸರ ಪದಗಳು ಪುಸ್ತಕವಾಗಿ ಬಂದವು. ಭಜನೆ ಮಂಡಳಿಯವರು ಹಾಡುವ ಪುರಂದರದಾಸರನ್ನು ಮೊದಲು ಅಚ್ಚಿಗೆ ಹತ್ತಿಸಿದ್ದು ಈ ಪರದೇಶಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಹೆಮ್ಮೆ ಇದೆ. ಆ ಮಾಲೆಯಲ್ಲಿ ಜೈಮಿನಿ ಭಾರತವೂ ಇತ್ತು. ಬರೆದ ಲಕ್ಷ್ಮೀಶ ಕವಿ ಕಡೂರು ತಾಲ್ಲೂಕಿನ ದೇವನೂರಿನವನು.

ಇದಕ್ಕೆಲ್ಲ ದುಡ್ಡು? ಮಿಷನ್ನಿನ ಹುಂಡಿ ದುಡ್ಡಲ್ಲಿ ಶಿವಪುರಾಣ, ಹರಿಪದ ಅಚ್ಚು ಹಾಕಿಸಿದರೆ ಬಾಸೆಲ್‌ನ ಹಿರಿಯರು ಸುಮ್ಮನಿರುತ್ತಾರೆಯೇ. ಖರ್ಚು ಹೊತ್ತವರು ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ. ನೀಲಗಿರಿಯ ಕೇತ್ತಿಯಲ್ಲಿ ನೆಲೆಸಿದ್ದ ಈತ ಕನ್ನಡ ಕಲಿತು ಅಲ್ಲಿನ ಬಡಗರಿಗೆ ಶಾಲೆ ಹಾಕಿದ್ದವರು. ಮೋಗ್ಲಿಂಗರ ಜೊತೆಗೆ ಹೆಗಲು ಕೊಟ್ಟವರು ಗಾಟ್‌ಫ್ರೀಡ್ ವೈಗ್ಲೆ ಎಂಬ ಗೆಳೆಯ ಪಾದ್ರಿ. ಉದ್ದೇಶ ಏನೆಂದರೆ, ಜನರ ಮನಸ್ಸು ಅರಿಯದೆ ಅವರಿಗೆ ಬೋಧನೆ ಮಾಡಲು ಹೊರಡುವುದು ವ್ಯರ್ಥ, ಮನಸ್ಸು ಅರಿಯಬೇಕಾದರೆ ಅವರ ಹಾಡು, ಗಾದೆ, ಪುರಾಣ ಓದಬೇಕು ಅನ್ನುವುದು. ಉದ್ದೇಶ ಏನೇ ಇರಲಿ, ಲಾಭ ಕನ್ನಡಕ್ಕಾಯಿತು. ಈ ಕೆಲಸಕ್ಕೇ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಗೌರವ ಕೊಟ್ಟಿತು. ಕನ್ನಡದ ಕೆಲಸಕ್ಕೆ ಡಾಕ್ಟರ್ ಆದ ಮೊದಲಿಗರು ಅವರೇ ಎನ್ನುವುದುಂಟು.

ಘಟ್ಟ ಹತ್ತಿದ ಪಾದ್ರಿ

1852ರ ಹೊತ್ತಿಗೆ ಮೋಗ್ಲಿಂಗರ ದೇಹ ಸೋತಿತ್ತು. ಊರಿಗೆ ಹೊರಡುವ ತಯಾರಿ ನಡೆದಿತ್ತು. ಆ ಸಮಯಕ್ಕೆ ಕಾವಿ ಉಟ್ಟ ಒಬ್ಬ ಕೊಡವ ಬಂದು ನಿಂತ. ಆಲಮಂಡ ಮನೆತನದ ಸೋಮಯ್ಯ. ಗುರುಗಳನ್ನು ಹುಡುಕಿ ಊರೂರು ತಿರುಗಿದವನು. 1853ರಲ್ಲಿ ಕ್ರೈಸ್ತನಾಗಿ ಸ್ಟೆಫಾನಸ್ ಸೋಮಯ್ಯನಾದ. ಕೊಡಗಿಗೆ ಬರಬೇಕು ಅಂತ ಅವನ ಕರೆ. ಮೋಗ್ಲಿಂಗ್ ಹಡಗು ಬಿಟ್ಟು ಘಟ್ಟ ಹತ್ತಿದರು. ಬಾಸೆಲ್‌ನವರು ಕೊಡಗಿನ ಖರ್ಚು ಹೊರಲು ಸಿದ್ಧರಿರಲಿಲ್ಲ. ಮಿಷನ್ನಿನ ಆಸರೆ ಇಲ್ಲದೆ, ಸ್ವಂತ ಹೊಣೆಯಲ್ಲಿ, ಅವರಿವರು ಕೊಟ್ಟದ್ದರಲ್ಲಿ ನಡೆಸಿದರು. ಹೊಸ ಜಾಗ, ಕಾಯಿಲೆಯ ಮೈ, ಕೈಯಲ್ಲಿ ಕಾಸಿಲ್ಲ. ವಯಸ್ಸು ನಲವತ್ತು ದಾಟಿತ್ತು.

ಕೊಡಗಿನ ಅರಸು ಚಿಕ್ಕವೀರರಾಜ ಪದಚ್ಯುತನಾಗಿ, 1834ರಿಂದ ಆ ಸೀಮೆ ಕಂಪನಿ ಸರ್ಕಾರದ ವಶವಾಗಿತ್ತು. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಅವರೇ ಕೊಡಗಿಗೂ ಕಮಿಷನರ್. ಅಂದರೆ ಶೃಂಗೇರಿ, ಕೊಪ್ಪದವರಿಗೂ ಮಡಿಕೇರಿಯವರಿಗೂ ಆಗ ದೊರೆ ಒಬ್ಬನೇ. ಮೋಗ್ಲಿಂಗ್ ಬರಿಯ ಪ್ರಾರ್ಥನೆ ಹೇಳಿಕೊಂಡು ಕೂರಲಿಲ್ಲ. ಮಡಿಕೇರಿಯಲ್ಲಿ ಇಂಗ್ಲಿಷ್ ಶಾಲೆಗೆ ನೆರವಾದರು, 1855ರಲ್ಲಿ ‘ಕೂರ್ಗ್ ಮೆಮೊಯರ್ಸ್’ ಎಂಬ ಕೊಡಗಿನ ಇತಿಹಾಸ ಬರೆದರು, ಕೊಡಗಿನ ರಾಜರ ಚರಿತ್ರೆ ಹೇಳುವ ‘ರಾಜೇಂದ್ರನಾಮೆ’ಯನ್ನು ಅಚ್ಚಿಗೆ ತಂದರು. ಕೊಡವರ ಮನೆತನಗಳೇ ಮೊದಲು ಒಲಿಯುತ್ತವೆ ಅಂತ ಅವರ ನಿರೀಕ್ಷೆ ಇದ್ದ ಹಾಗಿದೆ. ಆದದ್ದು ಬೇರೆ. ಬಾಗಿಲಿಗೆ ಬಂದವರು ಆಳುಗಳು.

ಈ ಆಳುಗಳ ಸ್ಥಿತಿ ಏನಿತ್ತು ಅಂತ ಆ ಕಾಲದ ಬರಹಗಳಲ್ಲೇ ಇದೆ. ಹೊಲೆಯರು ಅಂತ ಕರೆಸಿಕೊಳ್ಳುತ್ತಿದ್ದ, ಈಗ ದಲಿತರೆನ್ನುವ ಈ ಮಂದಿಯಲ್ಲಿ ಎರಡು ಬಗೆ. ಒಂದು, ಭೂಮಿ ಜಮ್ಮದವರು. ಇವರು ಗದ್ದೆಗೆ ಅಂಟಿದವರು. ಗದ್ದೆ ಕೈ ಬದಲಾದರೆ ಇವರೂ ಗದ್ದೆಯ ಜೊತೆ ಹೊಸ ಯಜಮಾನನಿಗೆ. ಗದ್ದೆ ಬಿಟ್ಟು ಬೇರೆ ಕಡೆ ಕಳಿಸುವ ಹಾಗಿಲ್ಲ. ಇನ್ನೊಂದು, ಒಕ್ಕಲು ಜಮ್ಮದವರು. ಇವರು ಮನೆಗೆ ಸೇರಿದವರು. ಮನೆಯವರಿಗೆ ಬೇಕಾದಾಗ ಮಾರಬಹುದು. ಗಂಡ ಒಂದು ಮನೆಯ ಸ್ವತ್ತು, ಹೆಂಡತಿ ಇನ್ನೊಂದು ಮನೆಯ ಸ್ವತ್ತು ಆದರೂ ಕೇಳುವವರಿಲ್ಲ. ಕೊಡಗನ್ನು ಮಾತ್ರ ದೂರುವುದು ಬೇಡ. ಮಲೆನಾಡಿನ ಉದ್ದಕ್ಕೂ ಅಡಕೆ ತೋಟ, ಭತ್ತದ ಗದ್ದೆಯ ಹಿಂದೆ ಇಂಥ ಬದುಕು ಒಂದಲ್ಲ ಒಂದು ಹೆಸರಲ್ಲಿ ಇತ್ತು. ಮದುವೆಗೆ ಅಂತ ಯಜಮಾನರಿಂದ ತಂದ ಸಾಲ ಮಗನ ಕಾಲಕ್ಕೂ ತೀರದ ಮನೆಗಳ ಕಥೆ ಇಲ್ಲಿ ಹಳಬರನ್ನು ಕೇಳಿದರೆ ಗೊತ್ತಾಗುತ್ತದೆ.

ಕಾನೂನು ಇರಲಿಲ್ಲವೇ ಅಂದರೆ ಇತ್ತು. ‘ಮಂಗಳೂರ ಸಮಾಚಾರ’ ಹೊರಟ 1843ರಲ್ಲೇ ಕಂಪನಿ ಸರ್ಕಾರ 5ನೇ ಆ್ಯಕ್ಟ್ ಮಾಡಿತು. ಇವನು ನನ್ನ ಆಳು, ನನಗೆ ಕೊಡಿಸಿ ಅಂತ ಯಾರೂ ಕೋರ್ಟಿಗೆ ಹೋಗುವ ಹಾಗಿಲ್ಲ ಎಂಬುದು ಅದರ ತಿರುಳು. ಆದರೆ ಆಳನ್ನು ಇಟ್ಟುಕೊಂಡವನಿಗೆ ಅದರಲ್ಲಿ ಶಿಕ್ಷೆ ಇರಲಿಲ್ಲ. ಮನುಷ್ಯರನ್ನು ಮಾರುವುದು, ಕೊಳ್ಳುವುದು ಅಪರಾಧವಾದದ್ದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದ ಮೇಲೆ. ಅದಿರಲಿ, ಕೋರ್ಟಿನ ಮಾತು ಕೋರ್ಟಿಗೆ. ಬಿಡುಗಡೆ ಆಯಿತು ಅಂತ ಹೊರಟ ಆಳು ಹೋಗುವುದೆಲ್ಲಿಗೆ? ಗುಡಿಸಲು ಯಜಮಾನರ ಜಾಗದಲ್ಲಿ. ಬಾವಿ ಅವರದು. ಬೀಜದ ಭತ್ತ ಅವರದು. ಕಂಬಳಿ ಅವರು ಕೊಟ್ಟದ್ದು. ಆಷಾಢದ ಮಳೆಯಲ್ಲಿ ಹೆಂಡತಿ ಮಕ್ಕಳ ಕೈ ಹಿಡಿದು ಹೊರಟರೆ ನಾಲ್ಕು ಹರದಾರಿ ಹೋಗುವಷ್ಟರಲ್ಲಿ ಹೊಟ್ಟೆ ಮತ್ತೆ ಅದೇ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಮೋಗ್ಲಿಂಗ್ ಇದನ್ನು ಕಂಡರು. ಬೋಧನೆಯಿಂದ ಇದು ಬಗೆಹರಿಯುವಂಥದ್ದಲ್ಲ, ನೆಲ ಬೇಕು ಅಂತ ಅವರಿಗೆ ಹೊಳೆಯಿತು. ಸಿದ್ದಾಪುರದ ಕಡೆ ಕಾಡು ಜಾಗ ಮಾಡಿಕೊಂಡು, 1850ರ ದಶಕ ಮುಗಿಯುವುದರೊಳಗೆ ಅಲ್ಲೊಂದು ಊರು ಕಟ್ಟಿದರು. ಅದೇ ಆನಂದಪುರ. ಬಂದವರಿಗೆ ಮನೆ ಕಟ್ಟಿಕೊಳ್ಳಲು ಜಾಗ, ಉಳಲು ಭೂಮಿ, ಕಾಫಿ ತೋಟದಲ್ಲಿ ಕೂಲಿ, ಮಕ್ಕಳಿಗೆ ಶಾಲೆ. ಕೂಲಿ ಕೈಗೆ ಬರುತ್ತದೆ, ಖರ್ಚು ಮಾಡುವುದು ನಾನೇ ಅನ್ನುವುದು ಆ ಮಂದಿಗೆ ಅಪ್ಪ ಅಜ್ಜನ ಕಾಲದಿಂದ ಗೊತ್ತಿಲ್ಲದ ಸಂಗತಿ.

ಕಾಲವೂ ಕೂಡಿ ಬಂದಿತ್ತು. ಕೊಡಗಿನಲ್ಲಿ ಬಿಳಿಯರ ಮೊದಲ ಕಾಫಿ ಎಸ್ಟೇಟು ಶುರುವಾದದ್ದು 1854ರಲ್ಲಿ. ಕಾಡು ಕಡಿಯಲು, ಗುಂಡಿ ತೆಗೆಯಲು ಆಳು ಬೇಕು, ದುಡ್ಡು ಕೊಡಲು ದೊರೆ ತಯಾರು. ಯಜಮಾನರಿಗೆ ಇದೂ ತಲೆನೋವು, ಪಾದ್ರಿಯ ಆನಂದಪುರವೂ ತಲೆನೋವು. ತಮ್ಮದು ಅಂತ ತಲೆತಲಾಂತರದಿಂದ ತಿಳಿದುಕೊಂಡ ಆಳು ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ. ನಾಟಿಯ ಹೊತ್ತಿಗೆ ಹೀಗಾದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ. ಕೊಡವ ಮನೆಗಳಲ್ಲಿ ಮೋಗ್ಲಿಂಗರ ಮೇಲಿದ್ದ ವಿಶ್ವಾಸ ಇದರಿಂದ ಕಡಿಮೆಯಾಯಿತೇ ಹೊರತು ಹೆಚ್ಚಲಿಲ್ಲ. ದೊಡ್ಡ ಮನೆತನಗಳ ಸ್ನೇಹ ಬೇಕೋ, ಆಳುಗಳ ಕೈ ಹಿಡಿಯಬೇಕೋ ಅನ್ನುವ ಘಟ್ಟದಲ್ಲಿ ಅವರು ಎರಡನೆಯದನ್ನು ಹಿಡಿದರು. ಪಾದ್ರಿ ಕೆಲಸದ ಲೆಕ್ಕದಲ್ಲಿ ನಷ್ಟದ ಬಾಬತ್ತು.

ಆನಂದಪುರ ಸ್ವರ್ಗವೇನೂ ಆಗಿರಲಿಲ್ಲ. ಅಲ್ಲಿ ಇರುವವರು ಮಿಷನ್ನಿನ ಕಟ್ಟುಕಟ್ಟಳೆಗೆ ಒಳಪಡಬೇಕು, ಕುಡಿತ ಬಿಡಬೇಕು, ಹಳೆ ದೈವ ಬಿಡಬೇಕು. ಒಬ್ಬ ಯಜಮಾನ ಹೋಗಿ ಇನ್ನೊಬ್ಬ ಯಜಮಾನ ಬಂದ ಅಂತ ಗೊಣಗಿದರೆ ಅದರಲ್ಲೂ ಸ್ವಲ್ಪ ಹುರುಳಿದೆ. ಆದರೆ ವ್ಯತ್ಯಾಸ ಒಂದಿತ್ತು. ಇಲ್ಲಿಂದ ಹೊರಟು ಹೋಗುವವನನ್ನು ಹಿಡಿದು ತರುವವರಿರಲಿಲ್ಲ. ಮಗುವನ್ನು ಯಾರೂ ಮಾರುವಂತಿರಲಿಲ್ಲ.

ಗೆಳೆಯ ವೈಗ್ಲೆ 1855ರಲ್ಲಿ ಮಂಗಳೂರಲ್ಲಿ ತೀರಿಕೊಂಡಿದ್ದರು. ಅವರ ವಿಧವೆ ಪಾಲಿನ್ ಅವರನ್ನು ಮೋಗ್ಲಿಂಗ್ ಮುಂದೆ ಮದುವೆಯಾದರು. ಆಕೆ ಕೊಡಗಿನ ಮಳೆ, ಜ್ವರ ತಡೆಯಲಿಲ್ಲ. ಹೆಂಡತಿಯ ಕಾಯಿಲೆ ಬಲವಾಗಿ 1860ರ ಸುಮಾರಿಗೆ ದಂಪತಿ ಜರ್ಮನಿಗೆ ಹೊರಟರು. ವಾಸಿಯಾದ ಮೇಲೆ ಮರಳುವುದು ಅಂತ ಇತ್ತೋ ಏನೋ, ಮರಳುವುದು ಆಗಲೇ ಇಲ್ಲ. ಇಪ್ಪತ್ತನಾಲ್ಕು ವರ್ಷದ ಕನ್ನಡ ಸಂಬಂಧ ಹಡಗಿನ ಹಗ್ಗ ಬಿಚ್ಚಿದ ಹಾಗೆ ಮುಗಿಯಿತು.

ಮುಗಿಯಿತು ಅಂದರೆ ಪೂರ್ತಿ ಮುಗಿಯಲಿಲ್ಲ. ಅಲ್ಲಿ ಕುಳಿತು ಕನ್ನಡ ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪ್ರಾಚ್ಯವಿದ್ಯೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1866ರಲ್ಲಿ ಕೊಡಗಿನ ಬಗ್ಗೆ ಜರ್ಮನ್ ಭಾಷೆಯಲ್ಲಿ ಪುಸ್ತಕ ಹೊರತಂದರು. ಲಕ್ಷ್ಮೀಶನ ಜೈಮಿನಿ ಭಾರತದ ಕೆಲವು ಭಾಗಗಳೂ ಅವರಿಂದ ಜರ್ಮನ್‌ಗೆ ಹೋದವು. ದೇವನೂರಿನ ಷಟ್ಪದಿಯನ್ನು ಹಿಮ ಬೀಳುವ ಊರಲ್ಲಿ ಕೂತು ಎಷ್ಟು ಮಂದಿ ಓದಿದರೋ, ಓದಿದವರು ಇದ್ದರು.

ಇತ್ತ ಆನಂದಪುರದ ಹೊಣೆ ಹೊತ್ತವರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು ಕೊಡಗಿನ ಕಾಡಿನಲ್ಲಿ ಆಳುಮಕ್ಕಳ ಊರಿನ ಪಾದ್ರಿಯಾಗಿ, ಕಾಫಿ ತೋಟ ನೋಡಿಕೊಂಡು ಕುಳಿತರು. ಸುಲಭದ ಕಾಲವಾಗಿರಲಿಲ್ಲ. 1865-66ರ ಸುಮಾರಿಗೆ ಕೊಡಗಿನ ತೋಟಗಳಿಗೆ ಕಾಂಡಕೊರಕ ಬಿತ್ತು. ಗಿಡ ಹಸಿರಾಗಿ ನಿಂತ ಹಾಗೇ ಕಾಣುತ್ತದೆ, ಒಳಗೆ ಟೊಳ್ಳು. ಆ ಹುಳ ಏನು ಮಾಡುತ್ತದೆ ಅಂತ ಕೊಪ್ಪ, ಬಾಳೆಹೊನ್ನೂರಿನ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಲವು ದೊರೆಗಳು ತೋಟ ಬಿಟ್ಟು ಹೋದರು. ಕೌಂಡಿನ್ಯರು ಹೋಗಲಿಲ್ಲ. 1893ರಲ್ಲಿ ತೀರಿಕೊಂಡರು.

ಜೀತ ಪದ್ಧತಿಯನ್ನು ದೇಶವೇ ಕಾನೂನಿನಿಂದ ತೊಡೆದುಹಾಕಿದ್ದು 1976ರಲ್ಲಿ. ಆನಂದಪುರದ ಮೊದಲ ಗುಡಿಸಲು ಎದ್ದು ಸುಮಾರು 120 ವರ್ಷ ಆದ ಮೇಲೆ. ಆಗಲೂ ಸಾಲ ರದ್ದಾಯಿತು ಅಂತ ಹೇಳಿದರೆ ಸಾಲದು, ಬಿಡುಗಡೆಯಾದವನಿಗೆ ಮನೆ, ನೆಲ, ದನ ಕೊಡಿಸಬೇಕು ಅಂತ ಅಧಿಕಾರಿಗಳು ಪುನರ್ವಸತಿಯ ಕಡತ ತೆರೆಯಬೇಕಾಯಿತು. ಮೋಗ್ಲಿಂಗರಿಗೆ ಸಿದ್ದಾಪುರದ ಕಾಡಿನಲ್ಲಿ ಎದುರಾದದ್ದೂ ಅದೇ ಪ್ರಶ್ನೆ. ತೋಟದ ಲೈನ್ ಮನೆಯಲ್ಲಿ ಹುಟ್ಟಿ, ಅಲ್ಲೇ ಮುದುಕರಾದವರು ಸ್ವಂತ ನಿವೇಶನದ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲಲ್ಲಿ ಕೂರುವುದನ್ನು ಕಂಡವರಿಗೆ ಆ ಪ್ರಶ್ನೆ ಹಳತು ಅನ್ನಿಸುವುದಿಲ್ಲ.

ಮೋಗ್ಲಿಂಗ್ 1881ರ ಮೇ 10ರಂದು ಎಸ್ಲಿಂಗನ್ ಊರಲ್ಲಿ ತೀರಿಕೊಂಡರು. ಎಪ್ಪತ್ತು ತುಂಬಲು ಇನ್ನು ಹತ್ತೊಂಬತ್ತು ದಿನ ಇತ್ತು. ಮಾರನೇ ವರ್ಷ ಅವರ ಜೀವನಚರಿತ್ರೆ ಬಂತು. ಬರೆದವರು ಟ್ಯೂಬಿಂಗನ್‌ನಲ್ಲಿ ಜೊತೆಗೆ ಓದಿದ ಅದೇ ಮಲೆಯಾಳಂ ಪೇಪರಿನ ಗುಂಡರ್ಟ್.